27 ಸಹಿಗಳ ವಿದೇಶಾಂಗ ನೀತಿ

ಹೈವೇಯಲ್ಲಿ ಓಡಾಡುವವರು ನಯಾರಾ ಪೆಟ್ರೋಲ್ ಬಂಕ್ ನೋಡಿರುತ್ತೀರಿ. ಹಿಂದೆ ಎಸ್ಸಾರ್ ಬೋರ್ಡ್ ಇದ್ದ ಎಷ್ಟೋ ಕಡೆ ಈಗ ಈ ಬೋರ್ಡ್ ಇದೆ. ದೇಶದಲ್ಲಿ 6,500ಕ್ಕೂ ಜಾಸ್ತಿ ಬಂಕ್, ನಮ್ಮ ರಾಜ್ಯದಲ್ಲೂ ಬೇಕಾದಷ್ಟಿವೆ. ಕಂಪನಿಯ ರಿಫೈನರಿ ಇರುವುದು ಗುಜರಾತಿನ ವಾಡಿನಾರ್‌ನಲ್ಲಿ, ವರ್ಷಕ್ಕೆ 2 ಕೋಟಿ ಟನ್ ಸಾಮರ್ಥ್ಯದ್ದು. 2017ರಲ್ಲಿ ರಷ್ಯಾದ ಸರ್ಕಾರಿ ತೈಲ ಕಂಪನಿ ರಾಸ್‌ನೆಫ್ಟ್ ಇದರಲ್ಲಿ ಶೇ 49.13ರಷ್ಟು ಪಾಲು ತೆಗೆದುಕೊಂಡಿತು. ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ. ಅದು ಸುಮ್ನೆ ಬಂದ ಅಂಕಿ ಅಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

2025ರ ಜುಲೈ 18ರಂದು ಬ್ರಸೆಲ್ಸ್‌ನಲ್ಲಿ ಐರೋಪ್ಯ ಒಕ್ಕೂಟ ರಷ್ಯಾ ವಿರುದ್ಧ 18ನೇ ಕಂತಿನ ನಿರ್ಬಂಧ ಹೊರಡಿಸಿತು. ಆ ಪಟ್ಟಿಯಲ್ಲಿ ಈ ಕಂಪನಿಯ ಹೆಸರೂ ಇತ್ತು. ನಾಲ್ಕೇ ದಿನ. ಜುಲೈ 22ಕ್ಕೆ ಇಲ್ಲಿನ ನೌಕರರ ಇಮೇಲ್ ನಿಂತುಹೋಯಿತು, ಟೀಮ್ಸ್ ನಿಂತುಹೋಯಿತು. ಮೈಕ್ರೋಸಾಫ್ಟ್ ಸೇವೆ ಬಂದ್ ಮಾಡಿತ್ತು. ಲೈಸೆನ್ಸಿಗೆ ದುಡ್ಡು ಕಟ್ಟಿದ್ದರೂ ತಮ್ಮದೇ ಕಡತ ತೆರೆಯಲು ಆಗದ ಸ್ಥಿತಿ. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು, ತಿಂಗಳ ಕೊನೆಯ ಹೊತ್ತಿಗೆ ಸೇವೆ ವಾಪಸ್ ಬಂತು.

ಇಲ್ಲಿ ಸ್ವಲ್ಪ ನಿಂತು ನೋಡಿ. ವಿಶ್ವಸಂಸ್ಥೆ ಏನೂ ಹೇಳಿರಲಿಲ್ಲ. ಭಾರತದ ಯಾವ ಕಾನೂನೂ ಮುರಿದಿರಲಿಲ್ಲ. ಮೈಕ್ರೋಸಾಫ್ಟ್ ಅಮೆರಿಕದ ಕಂಪನಿ, ಅಮೆರಿಕ ಆಗ ನಯಾರಾವನ್ನು ಪಟ್ಟಿಗೆ ಹಾಕಿರಲಿಲ್ಲ. ಬ್ರಸೆಲ್ಸ್‌ನ ಒಂದು ಕಾಗದ ಇಷ್ಟು ದೂರದ ಆಫೀಸಿನ ಇಮೇಲ್ ನಿಲ್ಲಿಸಿತು. ವಿಚಿತ್ರ ಅಂದರೆ, ಆ ಕಾಗದವನ್ನೇ ಬ್ರಸೆಲ್ಸ್ ವಾರಗಟ್ಟಲೆ ಹೊರಡಿಸಲಾಗದೆ ಕೂತಿತ್ತು. ಕಾರಣ ಪುಟ್ಟ ದೇಶ ಸ್ಲೊವಾಕಿಯಾ. ಅದರ ಪ್ರಧಾನಿ ರಾಬರ್ಟ್ ಫಿಟ್ಸೊ 'ನಾನು ಒಪ್ಪಲ್ಲ' ಅಂದುಬಿಟ್ಟಿದ್ದರು. ಅವರ ಸಿಟ್ಟು ನಯಾರಾ ಮೇಲೂ ಅಲ್ಲ, ಆ ಕಂತಿನ ಮೇಲೂ ಅಲ್ಲ. ರಷ್ಯಾದ ಗ್ಯಾಸ್ ಖರೀದಿಯನ್ನು ಯುರೋಪ್ ನಿಲ್ಲಿಸಲು ಹೊರಟಿದೆ, ನಮಗೆ ರಷ್ಯಾದ ಗ್ಯಾಸ್ ಕಂಪನಿ ಗಾಜ್‌ಪ್ರಾಮ್ ಜತೆ 2034ರವರೆಗೆ ಕರಾರು ಇದೆ, ನಷ್ಟ ಯಾರು ತುಂಬಿಕೊಡುತ್ತಾರೆ ಅನ್ನೋದು ಅವರ ಪ್ರಶ್ನೆ. ಬೇರೆ ಜಗಳಕ್ಕೆ ಈ ಸಹಿಯನ್ನು ಒತ್ತೆ ಇಟ್ಟಿದ್ದರು ಅಷ್ಟೆ.

ಯುರೋಪಿಗೆ ಸ್ವಂತ ಸೈನ್ಯ ಇಲ್ಲ, 'ತೀವ್ರ ಕಳವಳ' ಅಂತ ಹೇಳಿಕೆ ಕೊಟ್ಟು ಸುಮ್ಮನಾಗುತ್ತಾರೆ ಅಂತ ನಾವು ನಗುತ್ತೇವಲ್ಲ, ಆ ನಗು ಅರ್ಧ ಸರಿ. ಹಡಗು, ಸೈನಿಕರು ಬೇಕಾದ ಕಡೆ ಈ ಒಕ್ಕೂಟದ ಕೈ ಮೋಟು. ಬ್ಯಾಂಕು, ವಿಮೆ, ಬಂದರು, ಸಾಫ್ಟ್‌ವೇರ್ ಇರುವ ಕಡೆ ಅದೇ ಕೈ ವಾಡಿನಾರ್‌ವರೆಗೂ ಚಾಚುತ್ತೆ. ಎರಡಕ್ಕೂ ಬೀಗ ಮಾತ್ರ ಒಂದೇ. 27 ದೇಶವೂ ಹೂಂ ಅನ್ನಬೇಕು. ಆ ಬೀಗವನ್ನು ಹೇಗೆ ತೆಗೆಯುತ್ತಾರೆ, ತೆಗೆಯಲಾಗದಾಗ ಹಿತ್ತಲ ಬಾಗಿಲಿನಿಂದ ಹೇಗೆ ನುಗ್ಗುತ್ತಾರೆ ಅನ್ನೋದರಲ್ಲೇ ನಿಜವಾದ ಕಥೆ ಇದೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. 1992ರ ಫೆಬ್ರವರಿಯಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಸಹಿಯಾದ ಒಪ್ಪಂದದಲ್ಲಿ 'ಸಮಾನ ವಿದೇಶಾಂಗ ಮತ್ತು ಭದ್ರತಾ ನೀತಿ' ಹುಟ್ಟಿತು. 1993ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಆಗ ಪಕ್ಕದಲ್ಲೇ ಯುಗೊಸ್ಲಾವಿಯಾ ಹೊತ್ತಿ ಉರಿಯುತ್ತಿತ್ತು, ಯುರೋಪಿನ ದೇಶಗಳು ಒಂದೊಂದು ದಿಕ್ಕಿಗೆ ಮಾತಾಡುತ್ತಿದ್ದವು. ಈ ನೀತಿಗೆ ಒಂದು ಮುಖ ಬೇಕು ಅಂತ 1999ರಲ್ಲಿ ಹಾವಿಯೆರ್ ಸೊಲಾನಾ ಅವರನ್ನು ಕೂರಿಸಿದರು. 2009ರ ಡಿಸೆಂಬರ್‌ನಲ್ಲಿ ಲಿಸ್ಬನ್ ಒಪ್ಪಂದ ಜಾರಿಯಾದ ಮೇಲೆ ಆ ಹುದ್ದೆ ದೊಡ್ಡದಾಯಿತು, ಅದರ ಕೈಕೆಳಗೆ ರಾಯಭಾರ ಸೇವೆಯೂ ಬಂತು. 2024ರ ಡಿಸೆಂಬರ್‌ನಿಂದ ಅಲ್ಲಿರುವವರು ಎಸ್ಟೋನಿಯಾದ ಮಾಜಿ ಪ್ರಧಾನಿ ಕಾಯಾ ಕಲ್ಲಾಸ್. ಹುದ್ದೆ ದೊಡ್ಡದು, ಸಭೆ ಕರೆಯಬಹುದು, ಕರಡು ಮುಂದಿಡಬಹುದು. 27 ರಾಜಧಾನಿಗಳ ಪರವಾಗಿ ಹೂಂ ಅನ್ನುವ ಅಧಿಕಾರ ಮಾತ್ರ ಇಲ್ಲ.

ಈ ಸರ್ವಾನುಮತ ನಮಗೆ ಹೊಸದೇನಲ್ಲ. ಊರಲ್ಲಿ ಅಜ್ಜನ ಕಾಲದ ಜಮೀನು ಮಾರಬೇಕು ಅಂದುಕೊಳ್ಳಿ. ಪಾಲು ಆಗಿಲ್ಲ, ಪಹಣಿಯಲ್ಲಿ ಎಲ್ಲರ ಹೆಸರೂ ಇದೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಇಡೀ ಕುಟುಂಬ ಕೂತಿದೆ, ಕೊಳ್ಳುವವನೂ ಬಂದಿದ್ದಾನೆ. ಆಗ ಒಬ್ಬ ಚಿಕ್ಕಪ್ಪ 'ಹಿಂದಿನ ಸಲ ಮನೆ ರಿಪೇರಿಗೆ ನಾನು ಹಾಕಿದ ದುಡ್ಡು ಏನಾಯಿತು' ಅಂತ ಶುರು ಮಾಡುತ್ತಾನೆ. ಜಮೀನಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಅವನಿಗೆ ಗೊತ್ತು, ಇವತ್ತು ತನ್ನ ಸಹಿಗೆ ಇರುವ ಬೆಲೆ ನಾಳೆ ಇರಲ್ಲ. ಬ್ರಸೆಲ್ಸ್‌ನಲ್ಲಿ ಇಂಥ ಚಿಕ್ಕಪ್ಪಂದಿರು ಸರದಿಯ ಮೇಲೆ ಬರುತ್ತಾರೆ.

ನನಗೆ ತುಂಬಾ ಪಾಠ ಕಲಿಸಿದ್ದು 2020ರ ಪ್ರಕರಣ. ಆಗಸ್ಟ್ 9ರಂದು ಬೆಲಾರೂಸ್‌ನಲ್ಲಿ ಚುನಾವಣೆ ನಡೆಯಿತು. ಅಧ್ಯಕ್ಷ ಲುಕಾಶೆಂಕೊ ತಾನೇ ಗೆದ್ದೆ ಅಂದರು, ಲಕ್ಷಾಂತರ ಜನ ಬೀದಿಗೆ ಬಂದರು, ಪೊಲೀಸರು ಹಿಡಿದು ಬಡಿದರು. ಯುರೋಪಿನ ಒಂದು ದೇಶಕ್ಕೂ ಲುಕಾಶೆಂಕೊ ಮೇಲೆ ಪ್ರೀತಿ ಇರಲಿಲ್ಲ. ಆದರೂ ಕೆಲವೇ ಡಜನ್ ಅಧಿಕಾರಿಗಳ ಮೇಲೆ ನಿರ್ಬಂಧ ಹಾಕಲು ಅಕ್ಟೋಬರ್ 2 ಆಯಿತು. ತಡೆದು ಕೂತಿದ್ದು ಸೈಪ್ರಸ್. ನಮ್ಮ ಸಮುದ್ರದಲ್ಲಿ ಟರ್ಕಿ ಗ್ಯಾಸ್‌ಗೆ ಕೊರೆಯುತ್ತಿದೆ, ಅದರ ಮೇಲೂ ಕ್ರಮ ತಗೊಳ್ಳಿ, ಆಮೇಲೆ ಬೆಲಾರೂಸ್ ಅಂತ ಪಟ್ಟು. ಬೆಲಾರೂಸ್‌ನ ಪ್ರತಿಭಟನಾಕಾರರು ಲಾಠಿ ಏಟು ತಿನ್ನುತ್ತಿದ್ದಾಗ ಬ್ರಸೆಲ್ಸ್‌ನಲ್ಲಿ ಚರ್ಚೆ ಮೆಡಿಟರೇನಿಯನ್ ಸಮುದ್ರದ ಬಗ್ಗೆ.

ಎಲ್ಲರೂ ಸೈಪ್ರಸ್ ಅನ್ನು ಬೈದರು. ನಾನೂ ಬೈದಿದ್ದೆ. ಈಗ ಅಷ್ಟು ಸುಲಭವಾಗಿ ಬೈಯಲಾರೆ. 1974ರಿಂದ ಆ ದ್ವೀಪದ ಮೂರನೇ ಒಂದು ಭಾಗಕ್ಕೂ ಜಾಸ್ತಿ ಜಾಗ ಅವರ ಸರ್ಕಾರದ ಕೈಲಿಲ್ಲ, ಉತ್ತರದಲ್ಲಿ ಟರ್ಕಿಯ ಸೈನ್ಯ ಕೂತಿದೆ. ಜರ್ಮನಿ, ಫ್ರಾನ್ಸ್ ಎದುರು ಸೈಪ್ರಸ್ ಮಾತಿಗೆ ಕಿವಿ ಕೊಡುವವರು ಯಾರು? ಸಹಿ ಹಾಕಲ್ಲ ಅನ್ನುವ ಒಂದೇ ಒಂದು ಆಯುಧ ಅವರ ಹತ್ತಿರ ಇರುವುದು. ಇದೇ ಸೈಪ್ರಸ್ 2008ರಲ್ಲಿ ಬೇರೆ ಥರ ನಡೆದುಕೊಂಡಿತ್ತು. ಕೊಸೊವೊಗೆ ಪೊಲೀಸರು, ನ್ಯಾಯಾಧೀಶರ ತಂಡ ಕಳಿಸುವ ಪ್ರಶ್ನೆ ಬಂತು. ಕೊಸೊವೊವನ್ನು ಸೈಪ್ರಸ್ ದೇಶ ಅಂತಲೇ ಒಪ್ಪಲ್ಲ. ಸ್ಪೇನ್, ಗ್ರೀಸ್, ರೊಮೇನಿಯಾ, ಸ್ಲೊವಾಕಿಯಾ ಕೂಡ ಇವತ್ತಿಗೂ ಒಪ್ಪಿಲ್ಲ. ಆದರೆ ಸೈಪ್ರಸ್ ಅಡ್ಡ ಬರಲಿಲ್ಲ, ಬೇಡವೂ ಅನ್ನದೆ ಬೇಕೂ ಅನ್ನದೆ ಪಕ್ಕಕ್ಕೆ ಸರಿದು ನಿಂತಿತು. ಒಪ್ಪಂದದಲ್ಲಿ ಇದಕ್ಕೂ ಒಂದು ಕಲಂ ಇದೆ. ಸರಿದು ನಿಂತ ದೇಶಕ್ಕೆ ಆ ನಿರ್ಧಾರ ಅಂಟಲ್ಲ, ಬೇರೆಯವರಿಗೆ ಅಡ್ಡಿಯೂ ಆಗಲ್ಲ. ದೇಶ ಅಂತ ಐವರು ಒಪ್ಪದ ಜಾಗಕ್ಕೆ ಒಕ್ಕೂಟ ತನ್ನ ಅತಿ ದೊಡ್ಡ ನಾಗರಿಕ ತಂಡ ಕಳಿಸಿದ್ದು ಹೀಗೆ.

ಇನ್ನು ಕಾಫಿಯ ಕಥೆ. 2023ರ ಡಿಸೆಂಬರ್ 14. ಬ್ರಸೆಲ್ಸ್‌ನ ಶೃಂಗಸಭೆ. ಉಕ್ರೇನನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುವ ಮಾತುಕತೆ ಶುರು ಮಾಡಬೇಕೇ ಬೇಡವೇ ಅನ್ನೋದು ವಿಷಯ. ಹಂಗೆರಿಯ ಪ್ರಧಾನಿ ವಿಕ್ಟರ್ ಓರ್ಬಾನ್ ಬಿಲ್ಕುಲ್ ಬೇಡ ಅಂತ ಕೂತಿದ್ದರು. ಆಗ ಜರ್ಮನಿಯ ಚಾನ್ಸಲರ್ ಓಲಾಫ್ ಶೋಲ್ಸ್, ನೀವು ಸ್ವಲ್ಪ ಹೊರಗೆ ಹೋಗಿ ಕಾಫಿ ಕುಡಿದು ಬರಬಹುದಲ್ಲ ಅನ್ನೋ ಸಲಹೆ ಕೊಟ್ಟರು. ಓರ್ಬಾನ್ ಎದ್ದು ಹೋದರು. ಒಳಗಿದ್ದ 26 ಜನ ತೀರ್ಮಾನ ಮಾಡಿಬಿಟ್ಟರು. ಯಾರೂ ಬೇಡ ಅನ್ನಲಿಲ್ಲ, ಆದ್ದರಿಂದ ಸರ್ವಾನುಮತ! ಅದೇ ರಾತ್ರಿ ಓರ್ಬಾನ್ ವಾಪಸ್ ಬಂದು ಉಕ್ರೇನಿಗೆ ಕೊಡಬೇಕಿದ್ದ 5,000 ಕೋಟಿ ಯೂರೊ ನೆರವಿಗೆ ವಿಟೊ ಹಾಕಿದರು, ಅದು ಬಿಡುಗಡೆಯಾಗಲು 2024ರ ಫೆಬ್ರವರಿ 1 ಆಯಿತು. ನಮ್ಮ ಗ್ರಾಮ ಪಂಚಾಯಿತಿ ಸಭೆಗಳಲ್ಲಿ ವಿರೋಧಿ ಸದಸ್ಯ ಚಹಾಕ್ಕೆ ಹೋದಾಗ ನಿರ್ಣಯ ಪಾಸು ಮಾಡಿದ ಕಥೆ ಕೇಳಿದವರಿಗೆ ಇದೇನೂ ಹೊಸದಲ್ಲ ಅಲ್ವಾ.

ಸರಿ, ಎಲ್ಲರ ಸಹಿ ಬಿತ್ತು ಅಂದುಕೊಳ್ಳೋಣ. ಆಮೇಲೆ ಏನಾಗುತ್ತೆ?

ಒಂದೇ ದಿನ ಎರಡು ಕಾಗದ ಹೊರಡುತ್ತವೆ. ಮೊದಲನೆಯದು ರಾಜಕೀಯ ನಿರ್ಧಾರ, ಇದಕ್ಕೆ ಸರ್ವಾನುಮತ ಬೇಕು. ಎರಡನೆಯದು ನಿಯಮಾವಳಿ. ಒಕ್ಕೂಟದ ಗೆಜೆಟ್‌ನಲ್ಲಿ ಅಚ್ಚಾಗಿ ಜಾರಿಯಾದ ಕೂಡಲೇ ಅದು 27 ದೇಶಗಳಲ್ಲೂ ನೇರ ಕಾನೂನು, ಯಾವ ಸಂಸತ್ತೂ ಮತ್ತೆ ಪಾಸು ಮಾಡಬೇಕಿಲ್ಲ. ಅದರ ಕೊನೆಯಲ್ಲಿ ಅನುಬಂಧ. ಒಂದು ಟೇಬಲ್: ಹೆಸರು, ಹುಟ್ಟಿದ ದಿನ, ಗುರುತು, ಪಟ್ಟಿಗೆ ಸೇರಿಸಿದ ಕಾರಣ, ಸೇರಿಸಿದ ದಿನ. ನೋಡಲು ನಮ್ಮ ಮತದಾರರ ಪಟ್ಟಿ ಥರ ನೀರಸ. ರಷ್ಯಾ ವಿಷಯದಲ್ಲೇ ಅದರಲ್ಲಿ 2,500ಕ್ಕೂ ಜಾಸ್ತಿ ಜನ ಮತ್ತು ಸಂಸ್ಥೆಗಳಿವೆ. ಆ ಟೇಬಲ್‌ನಲ್ಲಿ ಹೆಸರು ಬಂತು ಅಂದರೆ ಯುರೋಪಿನಲ್ಲಿರುವ ಆಸ್ತಿ, ಖಾತೆ ಸ್ತಂಭನ. ಅದಕ್ಕಿಂತ ಹರಿತವಾದದ್ದು ಇನ್ನೊಂದು ಸಾಲು: ಇವರಿಗೆ ನೇರವಾಗಿಯಾಗಲಿ, ಸುತ್ತುಬಳಸಿಯಾಗಲಿ ಹಣವನ್ನೋ ಆರ್ಥಿಕ ಸಂಪನ್ಮೂಲವನ್ನೋ ಯಾರೂ ಒದಗಿಸಬಾರದು.

ಈ 'ಸುತ್ತುಬಳಸಿ' ಅನ್ನೋ ಪದವೇ ಬ್ಯಾಂಕಿನವರ ನಿದ್ದೆ ಕೆಡಿಸುವುದು. ಕಾನೂನಿನ ಪ್ರಕಾರ ಯುರೋಪಿನ ನಿರ್ಬಂಧ ಭಾರತದಲ್ಲಿ ಭಾರತೀಯರಿಗೆ ಅನ್ವಯಿಸಲ್ಲ. ಯುರೋಪಿನ ನೆಲ, ಯುರೋಪಿನ ನಾಗರಿಕರು ಎಲ್ಲೇ ಇರಲಿ, ಅಲ್ಲಿ ನೋಂದಣಿಯಾದ ಕಂಪನಿಗಳು, ಅಲ್ಲಿ ಪೂರ್ತಿಯಾಗಿಯೋ ಭಾಗಶಃವೋ ನಡೆಯುವ ವ್ಯವಹಾರ, ಇಷ್ಟಕ್ಕೇ ಅದರ ಎಲ್ಲೆ. ಆದರೆ ಇವತ್ತು ಯುರೋಪಿಗೆ ಒಂದು ತುದಿಯಲ್ಲೂ ತಾಗದ ದೊಡ್ಡ ವ್ಯವಹಾರ ಯಾವುದಿದೆ ಹೇಳಿ? ಹಡಗಿನ ವಿಮೆ ಯುರೋಪಿನದು, ಮಾಲೀಕ ಗ್ರೀಸಿನವನು, ಸರ್ವರ್ ಐರ್ಲೆಂಡಿನಲ್ಲಿ. ವಕೀಲರು 'ರಿಸ್ಕ್ ಬೇಡ' ಅಂದರೆ ಮುಗಿಯಿತು, ಕಂಪನಿಗಳು ಕಾನೂನು ಕೇಳಿದ್ದಕ್ಕಿಂತ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತವೆ.

ಶೇ 49.13ರ ಗುಟ್ಟೂ ಇಲ್ಲೇ ಇದೆ. ಒಂದು ಕಂಪನಿಯಲ್ಲಿ ನಿರ್ಬಂಧಿತರ ಪಾಲು ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆ ಕಂಪನಿಯೂ ನಿರ್ಬಂಧಿತ ಅಂತಲೇ ಲೆಕ್ಕ, ಬೇರೆಯಾಗಿ ಹೆಸರು ಹಾಕುವ ಅಗತ್ಯವೇ ಇಲ್ಲ. ಅಮೆರಿಕವೂ ಹೀಗೆ ಅರ್ಧದ ಗೆರೆ ಎಳೆದಿದೆ. ರಾಸ್‌ನೆಫ್ಟ್ 2014ರಿಂದಲೇ ಪಶ್ಚಿಮದ ನಿರ್ಬಂಧಗಳ ರುಚಿ ನೋಡಿತ್ತು, ಹಾಗಾಗಿ 2017ರಲ್ಲಿ ಅರ್ಧಕ್ಕಿಂತ ಕೆಳಗೇ ನಿಂತಿತು. ಎಂಟು ವರ್ಷ ಆ ಲೆಕ್ಕ ನಡೆಯಿತು. ಬ್ರಸೆಲ್ಸ್ ಕೊನೆಗೆ ಗೆರೆಯ ಗೊಡವೆಗೇ ಹೋಗದೆ ನಯಾರಾ ಹೆಸರನ್ನೇ ನೇರ ಬರೆದುಬಿಟ್ಟಿತು. ಏಕಪಕ್ಷೀಯ ನಿರ್ಬಂಧಗಳನ್ನು ನಾವು ಒಪ್ಪುವುದಿಲ್ಲ, ಇಂಧನ ವ್ಯಾಪಾರದಲ್ಲಿ ಎರಡು ಅಳತೆಗೋಲು ಬೇಡ ಅಂತ ನಮ್ಮ ವಿದೇಶಾಂಗ ಇಲಾಖೆ ಹೇಳಿತು. ಅದರಲ್ಲಿ ತಪ್ಪೇನಿಲ್ಲ. ಸ್ವತಃ ಹಂಗೆರಿ, ಸ್ಲೊವಾಕಿಯಾಗಳಿಗೆ ರಷ್ಯಾದ ಕಚ್ಚಾ ತೈಲ ಪೈಪಿನಲ್ಲಿ ಬರುತ್ತಲೇ ಇತ್ತು, 2022ರ ಜೂನ್‌ನ ಆರನೇ ಕಂತಿನಲ್ಲಿ ಅದಕ್ಕೆ ವಿನಾಯಿತಿ ಕೊಟ್ಟವರು ಇವರೇ. ಅದೇ ಕಂತಿನಲ್ಲಿ ರಷ್ಯಾದ ಧರ್ಮಗುರು ಕಿರಿಲ್ ಹೆಸರೂ ಇತ್ತು, ಹಂಗೆರಿ ಹಟ ಮಾಡಿ ಅದನ್ನೂ ತೆಗೆಸಿತು.

ವಜ್ರದ ಕಥೆಯೂ ಇದೇ ಜಾತಿಯದು. ಬೆಲ್ಜಿಯಂನ ಆಂಟ್‌ವರ್ಪ್ ಜಗತ್ತಿನ ವಜ್ರದ ಸಂತೆ. ಉಕ್ರೇನ್ ಯುದ್ಧ ಶುರುವಾಗಿ ಸುಮಾರು ಎರಡು ವರ್ಷ ಕಳೆದರೂ ರಷ್ಯಾದ ವಜ್ರ ಪಟ್ಟಿಗೆ ಬರಲಿಲ್ಲ, ಹನ್ನೆರಡನೇ ಕಂತಿನಲ್ಲಷ್ಟೇ ಬಂತು. 2024ರ ಜನವರಿಯಿಂದ ನೇರ ಆಮದಿಗೆ ತಡೆ, ಮಾರ್ಚ್‌ನಿಂದ ಬೇರೆ ದೇಶದಲ್ಲಿ ಪಾಲಿಶ್ ಆದ ರಷ್ಯಾದ ವಜ್ರಕ್ಕೂ ತಡೆ. ಬೇರೆ ದೇಶ ಅಂದರೆ ಇನ್ಯಾವುದು, ಸೂರತ್. ತಮ್ಮ ಮನೆಯ ವ್ಯಾಪಾರಿಗೆ ಸಾವರಿಸಿಕೊಳ್ಳಲು ಎರಡು ವರ್ಷ, ಸೂರತ್‌ನ ಕಾರ್ಖಾನೆಗೆ ಎರಡು ತಿಂಗಳು.

ಪಟ್ಟಿಗೆ ಸೇರಿದವರು ಕೋರ್ಟಿಗೆ ಹೋಗಬಹುದು, ಇದೊಂದು ಒಳ್ಳೆಯ ವಿಷಯ. ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯಕ್ಕೆ ವಿದೇಶಾಂಗ ನೀತಿಯ ಬಹುಪಾಲು ವಿಷಯಗಳಲ್ಲಿ ಅಧಿಕಾರ ಇಲ್ಲ, ಆದರೆ ವ್ಯಕ್ತಿಗಳ ಮೇಲಿನ ನಿರ್ಬಂಧ ಪ್ರಶ್ನಿಸಿದರೆ ಕೇಳುತ್ತೆ. ರಷ್ಯಾದ ಕುಬೇರರಾದ ಮಿಖಾಯಿಲ್ ಫ್ರಿಡ್‌ಮನ್, ಪ್ಯೋಟರ್ ಆವೆನ್ 2024ರ ಏಪ್ರಿಲ್ 10ರಂದು ಅಲ್ಲಿ ಗೆದ್ದರು. ಕೊಟ್ಟ ಕಾರಣಗಳಿಗೆ ಸಾಕಷ್ಟು ಪುರಾವೆ ಇಲ್ಲ ಅಂದಿತು ಕೋರ್ಟು. ಹಾಗಾದರೆ ಹೆಸರು ತೆಗೆದರಾ? ಇಲ್ಲ. ಗೆದ್ದದ್ದು 2022–23ರ ಅವಧಿಯ ನಿರ್ಧಾರದ ವಿರುದ್ಧ. ಅಷ್ಟರಲ್ಲಿ ಪಟ್ಟಿಯನ್ನು ಮತ್ತೆ ನವೀಕರಿಸಿ ಆಗಿತ್ತು, ಹೊಸ ನಿರ್ಧಾರಕ್ಕೆ ಹೊಸ ಕೇಸು ಹಾಕಬೇಕು.

ಈ ನವೀಕರಣ ಬಹಳ ಜನ ಗಮನಿಸದ ಸಂಗತಿ. ರಷ್ಯಾ ಮೇಲಿನ ನಿರ್ಬಂಧಗಳು ಒಮ್ಮೆ ಹಾಕಿದರೆ ಶಾಶ್ವತ ಅಂದುಕೊಂಡಿರುತ್ತೇವೆ. ಅವು ಆರಾರು ತಿಂಗಳ ಚೀಟಿಗಳು. ವ್ಯಕ್ತಿಗಳ ಪಟ್ಟಿಗೆ ಮಾರ್ಚ್ 15 ಮತ್ತು ಸೆಪ್ಟೆಂಬರ್ 15 ಗಡುವು, ಆರ್ಥಿಕ ನಿರ್ಬಂಧಗಳಿಗೆ ಜನವರಿ 31 ಮತ್ತು ಜುಲೈ 31. ಪ್ರತಿ ಸಲವೂ ಎಲ್ಲರೂ ಹೂಂ ಅನ್ನಬೇಕು. ಅಂದರೆ ಚಿಕ್ಕಪ್ಪನಿಗೆ ವರ್ಷಕ್ಕೆ ನಾಲ್ಕು ಸಲ ಸುಗ್ಗಿ. 2025ರ ಜನವರಿಯಲ್ಲಿ ಹಂಗೆರಿ ಗಡುವಿಗೆ ನಾಲ್ಕು ದಿನ ಇರುವವರೆಗೂ ಎಳೆದಾಡಿ, ಇಂಧನ ಪೂರೈಕೆ ಬಗ್ಗೆ ಒಂದು ಹೇಳಿಕೆ ಬರೆಸಿಕೊಂಡು ಆಮೇಲೆ ಬಿಟ್ಟಿತು.

ಈಗ ಹಡಗುಗಳ ಕಡೆ ಬರೋಣ. ಇಲ್ಲಿ ಕಥೆ ಉಲ್ಟಾ.

2008ರ ಡಿಸೆಂಬರ್‌ನಲ್ಲಿ ಸೊಮಾಲಿಯಾದ ಕಡಲ್ಗಳ್ಳರ ವಿರುದ್ಧ 'ಅಟಲಾಂಟಾ' ಅನ್ನೋ ನೌಕಾ ಕಾರ್ಯಾಚರಣೆ ಶುರುವಾಯಿತು. ಒಕ್ಕೂಟದ ಮೊದಲ ನೌಕಾ ಕಾರ್ಯಾಚರಣೆ, ಇವತ್ತಿಗೂ ನಡೆಯುತ್ತಿದೆ. ಅದರ ಕಷ್ಟ ಅರ್ಥವಾಗಬೇಕಾದರೆ ಒಂದು ದೃಶ್ಯ ಊಹಿಸಿಕೊಳ್ಳಿ. ಏಡನ್ ಕೊಲ್ಲಿಯಲ್ಲಿ ಒಂದು ಸಣ್ಣ ದೋಣಿ. ಅದರಲ್ಲಿ ಆರೇಳು ಹುಡುಗರು, ಪೆಟ್ರೋಲ್ ತುಂಬಿದ ಡ್ರಮ್ಮುಗಳು, ಒಂದು ಉದ್ದನೆ ಏಣಿ. ಯುದ್ಧನೌಕೆ ಕಂಡ ಕೂಡಲೇ ಬಂದೂಕು ನೀರಿಗೆ ಎಸೆದಿರುತ್ತಾರೆ. ಕೇಳಿದರೆ ಮೀನು ಹಿಡಿಯೋಕೆ ಬಂದಿದ್ವಿ ಅಂತಾರೆ. ಮೀನು ಹಿಡಿಯೋಕೆ ಏಣಿ ಯಾಕಪ್ಪಾ? ಅನುಮಾನವೇ ಇಲ್ಲ. ಆದರೆ ಹಿಡಿದ ಮೇಲೆ ಏನು ಮಾಡುವುದು? ಜರ್ಮನಿಗೆ ಕರೆದೊಯ್ದರೆ ವಿಚಾರಣೆ ವರ್ಷಗಟ್ಟಲೆ, ಬಿಡುಗಡೆಯಾದ ಮೇಲೆ ಆಶ್ರಯ ಕೇಳಿದರೆ? ಹಾಗಾಗಿ ಎಷ್ಟೋ ಸಲ ಏಣಿ ಕಿತ್ತುಕೊಂಡು, ದಡಕ್ಕೆ ಹೋಗುವಷ್ಟು ಪೆಟ್ರೋಲ್ ಬಿಟ್ಟು ಕಳಿಸಿದ್ದೂ ಇದೆ.

ಯಾರೂ ಓದದ ಒಪ್ಪಂದಗಳು ಬೇಕಾಗುವುದು ಇಂಥ ಹೊತ್ತಿಗೆ. ನಾವು ಹಿಡಿಯುತ್ತೇವೆ, ನೀವು ವಿಚಾರಣೆ ಮಾಡಿ ಅಂತ 2009ರ ಮಾರ್ಚ್‌ನಲ್ಲಿ ಕೀನ್ಯಾ ಜತೆ ಪತ್ರ ವಿನಿಮಯವಾಯಿತು. ಜೈಲು ತುಂಬಿತು, ಹೊರೆ ಜಾಸ್ತಿಯಾಯಿತು ಅಂತ ಕೀನ್ಯಾ ಮರುವರ್ಷವೇ ಕೈಬಿಟ್ಟಿತು. ಸೀಶೆಲ್ಸ್ ಬಂತು, 2011ರ ಜುಲೈನಲ್ಲಿ ಮಾರಿಷಸ್ ಜತೆ ಸಹಿಯಾಯಿತು. ಜುಲೈನಲ್ಲಿ ಸಹಿಯಾದ ಆ ಒಪ್ಪಂದದ ಪ್ರತಿ ಐರೋಪ್ಯ ಸಂಸತ್ತಿಗೆ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ. ಸಂಸತ್ತು ಕೋರ್ಟಿಗೆ ಹೋಯಿತು. ವಿದೇಶಾಂಗ ಒಪ್ಪಂದಕ್ಕೆ ನಿಮ್ಮ ಒಪ್ಪಿಗೆ ಬೇಕಿಲ್ಲ ನಿಜ, ಆದರೆ ಮಾಹಿತಿ ತಕ್ಷಣ ಮತ್ತು ಪೂರ್ತಿ ಕೊಡಲೇಬೇಕಿತ್ತು ಅಂತ ಹೇಳಿ ಕೋರ್ಟು 2014ರ ಜೂನ್‌ನಲ್ಲಿ ಆ ನಿರ್ಧಾರ ರದ್ದು ಮಾಡಿತು. ಹಾಗೆಂದು ಹಿಡಿದ ಕಳ್ಳರನ್ನು ಬಿಟ್ಟುಬಿಡಲು ಆಗುತ್ತಾ? ಅದಕ್ಕೇ ಒಪ್ಪಂದದ ಪರಿಣಾಮ ಹಾಗೇ ಉಳಿಯಲಿ ಅಂತಲೂ ಸೇರಿಸಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಇದಕ್ಕೆ ಹೋಲಿಸಿ 2024ರ ಮಾರ್ಚ್ ನೋಡಿ. ಬಲ್ಗೇರಿಯಾದ ಕಂಪನಿಯೊಂದರ, ಮಾಲ್ಟಾ ಬಾವುಟದ ಹಡಗು 'ರೂಯೆನ್' ಮೂರು ತಿಂಗಳಿಂದ ಕಡಲ್ಗಳ್ಳರ ಕೈಲಿತ್ತು. ಎರಡೂ ಐರೋಪ್ಯ ಒಕ್ಕೂಟದ ದೇಶಗಳು. ಬಿಡಿಸಿದ್ದು ಯಾರು? ನಮ್ಮ ಐಎನ್‌ಎಸ್ ಕೋಲ್ಕತಾ. ಭಾರತದ ತೀರದಿಂದ ಸುಮಾರು 2,600 ಕಿಲೋಮೀಟರ್ ದೂರದಲ್ಲಿ, 40 ಗಂಟೆಗಳ ಕಾರ್ಯಾಚರಣೆ, ಮಾರ್ಕೋಸ್ ಕಮಾಂಡೊಗಳು ವಿಮಾನದಿಂದ ಪ್ಯಾರಾಚೂಟ್‌ನಲ್ಲಿ ಇಳಿದರು. 17 ಸಿಬ್ಬಂದಿ ಬಚಾವಾದರು, 35 ಕಳ್ಳರು ಶರಣಾದರು. ಅವರನ್ನು ಎಲ್ಲಿ ವಿಚಾರಿಸುವುದು ಅಂತ ನಾವು ಯಾವ ದೇಶಕ್ಕೂ ಪತ್ರ ಬರೆಯಲಿಲ್ಲ. 2022ರಲ್ಲೇ ಕಡಲ್ಗಳ್ಳತನ ತಡೆ ಕಾಯ್ದೆ ಮಾಡಿಕೊಂಡಿದ್ದೆವು, ನೇರ ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸಿದರು. ಒಂದು ದೇಶ, ಒಂದು ನೌಕಾಪಡೆ, ಒಂದು ಕಾನೂನು ಇದ್ದರೆ ಕೆಲಸ ಎಷ್ಟು ಸಲೀಸು ನೋಡಿ.

ಕೆಂಪು ಸಮುದ್ರದ ಕಥೆ ನಮಗೆ ಇನ್ನೂ ಹತ್ತಿರದ್ದು. 2023ರ ಕೊನೆಯಲ್ಲಿ ಯೆಮನ್‌ನ ಹೌತಿ ಬಂಡುಕೋರರು ಹಡಗುಗಳಿಗೆ ಕ್ಷಿಪಣಿ ಹೊಡೆಯತೊಡಗಿದಾಗ ಕಂಟೇನರ್ ಹಡಗುಗಳೆಲ್ಲ ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಹೋದವು. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಭಾರತದ ಕಾಫಿ ಜಾಸ್ತಿ ಹೋಗುವುದು ಇಟಲಿಗೆ. ಹತ್ತು ಹದಿನೈದು ದಿನ ಜಾಸ್ತಿ ಪ್ರಯಾಣ, ಏರಿದ ಬಾಡಿಗೆ, ಸಿಗದ ಕಂಟೇನರ್, ಎಲ್ಲವನ್ನೂ ನಮ್ಮ ರಫ್ತುದಾರರು ಅನುಭವಿಸಿದರು.

ಐರೋಪ್ಯ ಒಕ್ಕೂಟ 2024ರ ಫೆಬ್ರವರಿ 19ರಂದು 'ಆಸ್ಪಿಡೆಸ್' ಶುರು ಮಾಡಿತು. ಗ್ರೀಕ್‌ನಲ್ಲಿ ಗುರಾಣಿಗಳು ಅಂತ ಅರ್ಥ. ಹೆಸರಿಗೆ ತಕ್ಕ ಹಾಗೆ ಬರೀ ರಕ್ಷಣೆ, ಯೆಮನ್‌ನ ನೆಲದ ಮೇಲೆ ಹೊಡೆಯುವಂತಿಲ್ಲ. ಮೊದಲ ವರ್ಷಕ್ಕೆ ಇಟ್ಟ ಸಾಮೂಹಿಕ ವೆಚ್ಚ 80 ಲಕ್ಷ ಯೂರೊ. ತಮಾಷೆ ಮಾಡುತ್ತಿಲ್ಲ, ಅಷ್ಟೇ. ಯಾಕೆಂದರೆ ಒಪ್ಪಂದದ ಪ್ರಕಾರ ಸೇನಾ ಖರ್ಚನ್ನು ಒಕ್ಕೂಟದ ಬಜೆಟ್‌ನಿಂದ ಕೊಡುವಂತಿಲ್ಲ. ಯಾರ ಹಡಗೋ ಅವರೇ ಡೀಸೆಲ್ ಹಾಕಿಸಬೇಕು, ಅವರೇ ಸಂಬಳ ಕೊಡಬೇಕು, ಅವರೇ ಕ್ಷಿಪಣಿ ತುಂಬಿಸಬೇಕು. ಹಾಗಾಗಿ ಅಷ್ಟು ದೊಡ್ಡ ಸಮುದ್ರಕ್ಕೆ ಒಂದು ಹೊತ್ತಿಗೆ ಇದ್ದದ್ದು ಮೂರೋ ನಾಲ್ಕೋ ಹಡಗು. ಆದರೂ ಕೆಲಸ ಮಾಡಿಲ್ಲ ಅನ್ನಲಾರೆ. 2024ರ ಆಗಸ್ಟ್‌ನಲ್ಲಿ 'ಸೌನಿಯನ್' ಅನ್ನೋ ಟ್ಯಾಂಕರ್ 1.5 ಲಕ್ಷ ಟನ್ ಕಚ್ಚಾ ತೈಲ ತುಂಬಿಕೊಂಡು ಹೌತಿಗಳ ದಾಳಿಗೆ ಸಿಕ್ಕಾಗ ಅದರ ಸಿಬ್ಬಂದಿಯನ್ನು ಕಾಪಾಡಿದ್ದು ಈ ಗುಂಪಿನ ಫ್ರೆಂಚ್ ನೌಕೆ. ಆಮೇಲೆ ಟಗ್ ದೋಣಿಗಳು ಅದನ್ನು ಎಳೆದೊಯ್ಯುವಾಗ ಕಾವಲು ನಿಂತದ್ದೂ ಇವರೇ. ಆ ಎಣ್ಣೆ ಸೋರಿದ್ದರೆ ಕೆಂಪು ಸಮುದ್ರದ ಮೀನುಗಾರರ ಗತಿ ಊಹಿಸಿಕೊಳ್ಳಿ. ಆದರೆ 2025ರ ಜುಲೈನಲ್ಲಿ 'ಮ್ಯಾಜಿಕ್ ಸೀಸ್', 'ಎಟರ್ನಿಟಿ ಸಿ' ಹಡಗುಗಳನ್ನು ಹೌತಿಗಳು ಮುಳುಗಿಸಿದಾಗ ಗುರಾಣಿ ಅಡ್ಡ ಬರಲಿಲ್ಲ. ಮೂರು ಹಡಗು ಎಲ್ಲಿ ಅಂತ ನಿಲ್ಲುತ್ತವೆ?

ಬಜೆಟ್ ಮುಟ್ಟುವಂತಿಲ್ಲ ಅಂತ 2021ರಲ್ಲಿ ಹೊರಗೆ ಒಂದು ನಿಧಿ ಮಾಡಿಕೊಂಡರು. ಹೆಸರು ಯುರೋಪಿಯನ್ ಪೀಸ್ ಫೆಸಿಲಿಟಿ, ಶಾಂತಿ ನಿಧಿ. ಉಕ್ರೇನಿಗೆ ಫಿರಂಗಿ, ಮದ್ದುಗುಂಡು ಕೊಟ್ಟ ದೇಶಗಳಿಗೆ ದುಡ್ಡು ವಾಪಸ್ ಕೊಡುವುದು ಇದೇ ಶಾಂತಿ ನಿಧಿಯಿಂದ. ಅದಕ್ಕೂ ಸರ್ವಾನುಮತ ಬೇಕು, ಅದನ್ನೂ ಹಂಗೆರಿ ತಡೆಯಿತು, ನೂರಾರು ಕೋಟಿ ಯೂರೊ ಸಿಕ್ಕಿಹಾಕಿಕೊಂಡಿತು.

ಇಷ್ಟು ಸಲ ಬೀಗ ಜಗ್ಗಿ ಸುಸ್ತಾದವರು 2025ರ ಡಿಸೆಂಬರ್‌ನಲ್ಲಿ ಹಿತ್ತಲ ಬಾಗಿಲು ಹಿಡಿದರು. ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 21,000 ಕೋಟಿ ಯೂರೊ ಯುರೋಪಿನಲ್ಲಿ ಸ್ತಂಭನವಾಗಿ ಕೂತಿದೆ, ಹೆಚ್ಚಿನದು ಬ್ರಸೆಲ್ಸ್‌ನ ಯೂರೊಕ್ಲಿಯರ್ ಅನ್ನೋ ಸಂಸ್ಥೆಯಲ್ಲಿ. ಇದಕ್ಕೂ ಅಲ್ಲಿಯವರೆಗೆ ಆರು ತಿಂಗಳ ಚೀಟಿಯೇ ಇತ್ತು. ಒಂದು ಸಲ ಒಬ್ಬರು ಸಹಿ ಹಾಕದೆ ಹೋದರೆ ಮರುದಿನ ಅಷ್ಟೂ ದುಡ್ಡು ಮಾಸ್ಕೋಗೆ. ಡಿಸೆಂಬರ್ 12ರಂದು ಅವರು ವಿದೇಶಾಂಗ ನೀತಿಯ ಕಲಮನ್ನೇ ಪಕ್ಕಕ್ಕಿಟ್ಟು, ಆರ್ಥಿಕ ಸಂಕಷ್ಟದ ಕಾಲಕ್ಕೆ ಇರುವ 122ನೇ ವಿಧಿ ಹಿಡಿದು, ಗಡುವಿಲ್ಲದೆ ದುಡ್ಡು ಸ್ತಂಭನ ಮಾಡಿದರು. ಆ ವಿಧಿಗೆ ಬಹುಮತ ಸಾಕು, ಅಂದರೆ 15 ದೇಶ, ಜನಸಂಖ್ಯೆಯಲ್ಲಿ ಶೇ 65. ಹಂಗೆರಿ, ಸ್ಲೊವಾಕಿಯಾ ವಿರೋಧಿಸಿದವು, ಎಣಿಕೆಯಲ್ಲಿ ಸೋತವು. ಆ ದುಡ್ಡನ್ನೇ ಆಧಾರವಾಗಿಟ್ಟು ಉಕ್ರೇನಿಗೆ ಸಾಲ ಕೊಡೋಣ ಅಂದಾಗ ಅಡ್ಡ ನಿಂತಿದ್ದು ಬೆಲ್ಜಿಯಂ. ನಾಳೆ ರಷ್ಯಾ ಕೇಸು ಹಾಕಿದರೆ ತೆರಬೇಕಾದವರು ನಾವು ಅಂತ ಪ್ರಧಾನಿ ಬಾರ್ಟ್ ಡೆ ವೆವರ್ ಹಿಡಿದ ಪಟ್ಟು ಬಿಡಲಿಲ್ಲ. ವಾರ ಕಳೆದು ಎಲ್ಲರೂ ಸೇರಿ 9,000 ಕೋಟಿ ಯೂರೊ ಮಾರುಕಟ್ಟೆಯಲ್ಲಿ ಸಾಲ ಎತ್ತಲು ಒಪ್ಪಿದರು, ಹಂಗೆರಿ, ಸ್ಲೊವಾಕಿಯಾ, ಚೆಕ್ ದೇಶಗಳಿಗೆ ಆ ಹೊರೆಯಿಂದ ವಿನಾಯಿತಿ ಕೊಟ್ಟು.

ಇದು ಜಾಣತನವೋ ಅಡ್ಡದಾರಿಯೋ? ನನಗೆ ಎರಡೂ ಅನ್ನಿಸುತ್ತೆ. ಉಕ್ರೇನಿನ ದೃಷ್ಟಿಯಿಂದ ಬೇರೆ ದಾರಿ ಇರಲಿಲ್ಲ. ಆದರೆ ಅವತ್ತು ಓರ್ಬಾನ್ ಅವರನ್ನು ದಾಟಲು ತೆರೆದ ಬಾಗಿಲು ನಾಳೆ ಸೈಪ್ರಸ್ ಅನ್ನೂ ದಾಟಲು ತೆರೆದೇ ಇರುತ್ತೆ. ಹಾಗಾದರೆ ಸರ್ವಾನುಮತವನ್ನೇ ತೆಗೆದು ನೇರವಾಗಿ ಬಹುಮತ ಮಾಡಿಬಿಡಬಹುದಲ್ಲ ಅಂತ ಕೇಳಬಹುದು. ಹೆಚ್ಚಿನ ವಿಷಯಗಳಲ್ಲಿ ಹಾಗೆ ಬದಲಿಸಲು ಒಪ್ಪಂದದಲ್ಲೇ ಅವಕಾಶ ಇದೆ. ಷರತ್ತು ಒಂದೇ, ಬದಲಿಸೋಣ ಅನ್ನೋದಕ್ಕೆ ಎಲ್ಲರೂ ಒಪ್ಪಬೇಕು!

ನಮಗೆ ಇದರ ಬಿಸಿ ಇನ್ನೂ ತಾಗಲಿದೆ. 2026ರ ಜನವರಿ 21ರಿಂದ, ರಷ್ಯಾದ ಕಚ್ಚಾ ತೈಲದಿಂದ ಮೂರನೇ ದೇಶದಲ್ಲಿ ತಯಾರಾದ ಡೀಸೆಲ್, ವಿಮಾನ ಇಂಧನ ಯುರೋಪಿಗೆ ಹೋಗುವಂತಿಲ್ಲ. ಇದು ಯಾವ ಎಣ್ಣೆಯಿಂದ ಮಾಡಿದ್ದು ಅಂತ ದಾಖಲೆ ತೋರಿಸಬೇಕು. ರಿಲಯನ್ಸ್ 2025ರ ನವೆಂಬರ್ 20ರಿಂದಲೇ ಜಾಮ್‌ನಗರದ ರಫ್ತು ರಿಫೈನರಿಗೆ ರಷ್ಯಾ ತೈಲ ತರಿಸುವುದನ್ನು ನಿಲ್ಲಿಸಿತು. ಅದೇ ಜನವರಿ 27ರಂದು ದೆಹಲಿಯಲ್ಲಿ ಭಾರತ–ಐರೋಪ್ಯ ಒಕ್ಕೂಟ ಶೃಂಗಸಭೆ ನಡೆಯಿತು. ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿಯಿತು ಅಂತ ಘೋಷಿಸಿದ್ದೇ ಎಲ್ಲರ ಕಣ್ಣಿಗೆ ಬಿತ್ತು. ಪಕ್ಕದಲ್ಲೇ ಕಲ್ಲಾಸ್ ಮತ್ತು ಜೈಶಂಕರ್ ಭದ್ರತೆ ಮತ್ತು ರಕ್ಷಣಾ ಪಾಲುದಾರಿಕೆಗೆ ಸಹಿ ಹಾಕಿದರು. ಅದು ರಾಜಕೀಯ ದಾಖಲೆ, ಕೋರ್ಟಿನಲ್ಲಿ ನಿಲ್ಲುವಂಥದ್ದಲ್ಲ. ನಿಲ್ಲುವಂಥದ್ದು ಮುಂದೆ ಬರಬೇಕಿರುವ ಗೋಪ್ಯ ಮಾಹಿತಿ ವಿನಿಮಯದ ಒಪ್ಪಂದ, ಅದರ ಮಾತುಕತೆ ಶುರುವಾಗಿದೆ. ಅಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಕೋಷ್ಟಕ ಇರುತ್ತೆ: ನಿಮ್ಮ ಕಡತದ ಮೇಲಿನ 'ಗೋಪ್ಯ' ಮುದ್ರೆ ನಮ್ಮ ಯಾವ ಮುದ್ರೆಗೆ ಸಮ, 'ಪರಮ ಗೋಪ್ಯ' ಯಾವುದಕ್ಕೆ ಸಮ. ಸಮುದ್ರದಲ್ಲಿ ಕಳ್ಳರ ದೋಣಿ ಎಲ್ಲಿದೆ ಅಂತ ಅಟಲಾಂಟಾದವರು ನಮ್ಮ ನೌಕಾಪಡೆಗೆ ಪೂರ್ತಿ ಹೇಳಬೇಕಾದರೂ ಆ ಕೋಷ್ಟಕ ಬೇಕು. ಅದು ಜಾರಿಗೆ ಬರಬೇಕಾದರೂ ಆ ಕಡೆ 27 ಹೂಂ ಬೇಕು.

ಆ ಪಾಲುದಾರಿಕೆಗೆ ಸಹಿ ಬಿದ್ದ ದಿನವೂ ನಯಾರಾ ಹೆಸರು ಅನುಬಂಧದ ಟೇಬಲ್‌ನಲ್ಲೇ ಇತ್ತು.